ತುಂಗಭದ್ರೆಗೆ ಹಾಯಿ ಯಾಕಿಲ್ಲ?

ಕಪ್ಪತಗುಡ್ಡದ ಗಾಳಿಯಂತ್ರ ತಿರುಗುವಷ್ಟು ಗಾಳಿ ನಮ್ಮಲ್ಲಿದೆ. ಶಿರಹಟ್ಟಿ, ಮುಂಡರಗಿ ಸೀಮೆಗೆ ತುಂಗಭದ್ರಾ ಹೊಳೆಯೂ ಇದೆ. ಆದರೂ ಇಲ್ಲಿ ಹಾಯಿದೋಣಿ ನಿಲ್ಲಲಿಲ್ಲ, ಹರಿಗೋಲೇ ಉಳಿಯಿತು. ಕಾರಣ ಹೊಳೀನ ಹೇಳ್ತದ.

ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ, ಹೊಳೆಯ ಸೆಳವೂ ಮೂಡಣಕ್ಕೆ. ಹಾಯಿ ಕಟ್ಟಿದರೆ ಹೋಗೋದು ಸಲೀಸು, ತಿರುಗಿ ಬರೋದು ಹ್ಯಾಂಗ? ಬ್ಯಾಸಿಗ್ಯಾಗ ನೀರು ತೆಳು, ನಡುವೆ ಬಂಡೆ. ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲಿಗೆ ಮೊಣಕಾಲುದ್ದ ನೀರು ಸಾಕು. ಬಂಡೆಗೆ ತಾಗಿದರೆ ಬಾಗುತ್ತದೆ, ದಂಡೆಗೆ ಬಂದರೆ ಹೊತ್ತುಕೊಂಡು ನಡೆಯಬಹುದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪಾಯಸ್, ಇದೇ ಹೊಳೆಯಲ್ಲಿ 15-20 ಮಂದಿ ಹೊರುವ ಹರಿಗೋಲು ಕಂಡು ಬರೆದಿಟ್ಟಿದ್ದಾನೆ. ಇವತ್ತು ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ.

ಈಗ ಹಮ್ಮಿಗಿ ಬ್ಯಾರೇಜಿನ ಹಿಂದೆ ನೀರು ನಿಲ್ಲುತ್ತದೆ. ಆಳವೂ ಅಗಲವೂ ಹೆಚ್ಚಿ, ಗಾಳಿಗೆ ತೆರೆ ಏಳುತ್ತವೆ. ಹಗುರಾದ ಹರಿಗೋಲಿಗೆ ಅದರ ಮೈಯೇ ಹಾಯಿ. ಗಾಳಿ ನೂಕಿದತ್ತ ಹೋಗುತ್ತದೆ, ಹುಟ್ಟು ಸೋಲುತ್ತದೆ. ಅದಕ್ಕೇ ಆಚೆ ದಂಡೆಗೆ ಹೋಗುವವರು ಮುಂಜಾನೆ ಗಾಳಿ ಏಳುವ ಮೊದಲೇ ದಾಟಿರಿ. ಗೇಟಿನ ಹತ್ತಿರ ಸುಳಿಯಬ್ಯಾಡ್ರಿ. ಗೊಬ್ಬರದ ಚೀಲ ಒಂದು ಸಲ, ಮಂದಿ ಇನ್ನೊಂದು ಸಲ. ಎರಡು ಫೇರಿ ಆದರೆ ಆಗಲಿ, ಹೊಲ ಎಲ್ಲಿಗೂ ಓಡಿಹೋಗೋದಿಲ್ಲ.