ಫೆಲೋಶಿಪ್: ‘ತಿಂಗಳಿಗೆ ಎಷ್ಟು?’ ಅನ್ನೋದರ ಆಚೆಗೆ

ಫೆಲೋಶಿಪ್ ಅಂದ ಕೂಡಲೇ ನಮ್ಮ ಹಾಸ್ಟೆಲ್‌ಗಳಲ್ಲಿ ಬರುವ ಮೊದಲ ಪ್ರಶ್ನೆ ‘ತಿಂಗಳಿಗೆ ಎಷ್ಟು?’. ಕೇಳೋದರಲ್ಲಿ ತಪ್ಪೇನೂ ಇಲ್ಲ. ಜೆಆರ್‌ಎಫ್ ಮೊತ್ತ 2019ರಲ್ಲಿ 25,000ದಿಂದ 31,000 ರೂಪಾಯಿಗೆ, 2023ರ ಜನವರಿಯಿಂದ 37,000ಕ್ಕೆ ಏರಿತು. ಅದಕ್ಕೂ ಸಂಶೋಧನಾರ್ಥಿಗಳು ಬೀದಿಗಿಳಿದು ಕೇಳಬೇಕಾಯಿತು. ಆದರೆ ಈ ದುಡ್ಡಿನಿಂದ ಆರೋಗ್ಯ ಸಂಶೋಧನೆ ಮಾಡುವ ಸಂಸ್ಥೆಗೆ ಏನು ಸಿಗುತ್ತೆ ಅನ್ನೋದನ್ನ ನಾವು ಅಷ್ಟಾಗಿ ಯೋಚಿಸಿರೋದಿಲ್ಲ.

ಇಂಥ ಸಂಸ್ಥೆಗಳ ದೊಡ್ಡ ತಲೆನೋವು ಜನರನ್ನ ಉಳಿಸಿಕೊಳ್ಳೋದು. ಹೆಚ್ಚಿನ ಹಣ ಪ್ರಾಜೆಕ್ಟ್ ಹೆಸರಲ್ಲಿ ಬರುತ್ತೆ. ಪ್ರಾಜೆಕ್ಟ್ ಮುಗಿದರೆ ಸಂಬಳವೂ ಮುಗೀತು. ಹಳ್ಳಿಹಳ್ಳಿ ಸುತ್ತಿ ಕೆಲಸ ಕಲಿತವರು ಬೇರೆ ಕಡೆ ಹೋಗ್ತಾರೆ, ಹೊಸಬರಿಗೆ ಮತ್ತೆ ಅ ಆ ಇ ಈ ಇಂದ ಶುರು. ಫೆಲೋಶಿಪ್ ಇಲ್ಲಿ ಲೆಕ್ಕವನ್ನೇ ತಿರುಗಿಸುತ್ತೆ: ಹಣ ಬರೋದು ವ್ಯಕ್ತಿಯ ಹೆಸರಲ್ಲಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಲಂಡನ್ನಿನ ವೆಲ್‌ಕಮ್ ಟ್ರಸ್ಟ್ 2008ರಲ್ಲಿ ಕಟ್ಟಿದ ಇಂಡಿಯಾ ಅಲಯನ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಐದು ವರ್ಷದ ಸಂಬಳ, ಸಂಶೋಧನೆಯ ಖರ್ಚು ಎರಡೂ ಅದರಲ್ಲಿ ಸೇರಿರುತ್ತೆ. ವಯಸ್ಸಿನ ಮಿತಿ ಇಲ್ಲ, ಮನೆಯ ಕಾರಣಕ್ಕೆ ನಡುವೆ ಕೆಲಸ ಬಿಟ್ಟವರೂ ಅರ್ಜಿ ಹಾಕಬಹುದು.

ಇದಕ್ಕೂ ನಮ್ಮ ಜಿಲ್ಲೆಗೂ ಒಂದು ನಂಟಿದೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ (ಐಪಿಎಚ್) ಇತರ ಸಂಸ್ಥೆಗಳ ಜೊತೆ ಸೇರಿ 2009ರಲ್ಲಿ ತುಮಕೂರು ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಒಂದು ತರಬೇತಿ ಶುರುಮಾಡಿತು. ಯೋಜನೆ ಹೇಗೆ ಹಾಕೋದು, ಇರುವ ಅಂಕಿಅಂಶ ಹೇಗೆ ಬಳಸೋದು, ಸಿಬ್ಬಂದಿಯನ್ನ ಹೇಗೆ ಜೊತೆಗೊಯ್ಯೋದು, ಇಂಥ ಪಾಠಗಳು. ಗುಬ್ಬಿ, ಕುಣಿಗಲ್ ಸೇರಿ ಹತ್ತು ತಾಲ್ಲೂಕುಗಳ ಜಿಲ್ಲೆ ನಮ್ಮದು. ಪಾಠ ಒಂದೇ ಆದರೂ ಫಲ ಎಲ್ಲ ಕಡೆ ಒಂದೇ ಥರ ಬರಲಿಲ್ಲ. ಯಾಕೆ ಅನ್ನೋದನ್ನ ಬೆನ್ನು ಹತ್ತಿದವರು ಅಲ್ಲಿನ ಡಾ. ಪ್ರಶಾಂತ್ ಎನ್. ಎಸ್. ಮತ್ತು ಸಂಗಡಿಗರು. 2014ರಲ್ಲಿ ಪ್ರಕಟವಾದ ಅವರ ಅಧ್ಯಯನ ‘ತರಬೇತಿ ಫಲಿಸಿತಾ?’ ಅಂತ ಮಾತ್ರ ಕೇಳದೆ, ‘ಯಾರಿಗೆ, ಯಾವ ಸನ್ನಿವೇಶದಲ್ಲಿ, ಯಾಕೆ ಫಲಿಸಿತು?’ ಅಂತ ಕೇಳಿತು. ಬದಲಾವಣೆ ತರಬೇಕು ಅನ್ನೋ ಮನಸ್ಸು ಅಧಿಕಾರಿಗೆ ಇದ್ದರಷ್ಟೇ ಸಾಲದು, ಮೇಲಿನವರ ಬೆಂಬಲ ಮತ್ತು ಕಚೇರಿಯ ವ್ಯವಸ್ಥೆ ಅದಕ್ಕೆ ಜಾಗ ಕೊಡಬೇಕು ಅನ್ನೋದು ಅಲ್ಲಿ ಕಂಡ ಮುಖ್ಯ ಸಂಗತಿ.

ಪ್ರಶಾಂತ್ ಅವರಿಗೆ ಮುಂದೆ ಇಂಡಿಯಾ ಅಲಯನ್ಸ್ ಫೆಲೋಶಿಪ್ ಸಿಕ್ಕಿತು. ಬಿಳಿಗಿರಿರಂಗನ ಬೆಟ್ಟವನ್ನು ನೆಲೆ ಮಾಡಿಕೊಂಡು ಆದಿವಾಸಿಗಳ ಆರೋಗ್ಯದ ಅಸಮಾನತೆ ಬಗ್ಗೆ ಅವರು ಕೆಲಸ ಮಾಡಿದರು. ಅದೇ ಸಂಸ್ಥೆಯ ಡಾ. ಉಪೇಂದ್ರ ಭೋಜಾನಿ ಅವರೂ ಇದೇ ಫೆಲೋಶಿಪ್ ಪಡೆದು ತಂಬಾಕು ನಿಯಂತ್ರಣದ ಮೇಲೆ ಕೆಲಸ ಮಾಡಿದರು. 2005ರಲ್ಲಿ ಹುಟ್ಟಿದ ಪುಟ್ಟ ಸಂಸ್ಥೆಯೊಂದು ಇಬ್ಬರು ನುರಿತವರನ್ನ ಸ್ವಂತ ದುಡ್ಡಲ್ಲಿ ಐದೈದು ವರ್ಷ ಒಂದೇ ವಿಷಯದ ಮೇಲೆ ಕೂರಿಸೋದು ಸುಲಭವಲ್ಲ. ಎಚ್‌ಆರ್‌ನವರು ‘ಟ್ಯಾಲೆಂಟ್ ಮ್ಯಾನೇಜ್‌ಮೆಂಟ್’ ಅಂತ ಸ್ಲೈಡ್ ಹಾಕಿ ವಿವರಿಸೋದು ಕೊನೆಗೆ ಇದನ್ನೇ ಅಲ್ವಾ?

ಆದರೆ ಹಣ ವ್ಯಕ್ತಿಯ ಹೆಸರಲ್ಲಿದೆ ಅಂದ್ರೆ ಅವರ ಜೊತೆ ಅದೂ ಹೊರಟು ಹೋಗಬಹುದು. ಹಾಗಾಗಿ ತುಮಕೂರಿನ ತರಬೇತಿಯಲ್ಲಿ ಕಂಡದ್ದೇ ಇಲ್ಲಿಗೂ ಅನ್ವಯಿಸುತ್ತೆ ಅಂತ ನಮಗನಿಸುತ್ತೆ. ಮಾರ್ಗದರ್ಶಕರಿಲ್ಲದ, ಖರೀದಿಯ ಒಂದು ಸಹಿಗೆ ತಿಂಗಳುಗಟ್ಟಲೆ ಕಾಯಿಸುವ, ಐದು ವರ್ಷದ ನಂತರ ಹುದ್ದೆ ಇಲ್ಲ ಅನ್ನುವ ಕಡೆ ಎಷ್ಟು ದೊಡ್ಡ ಫೆಲೋಶಿಪ್ ತಂದರೂ ಜನ ನಿಲ್ಲಲ್ಲ.

ಇದೆಲ್ಲ ಡಾಕ್ಟರುಗಳ ವಿಷಯ ಅಂತ ಪುಟ ಮುಚ್ಚಬೇಡಿ. ಏಮ್ಸ್ ಮತ್ತು ಐಐಟಿ ದೆಹಲಿ ಸ್ಟ್ಯಾನ್‌ಫರ್ಡ್ ಜೊತೆ ಸೇರಿ ನಡೆಸಿದ ಬಯೋಡಿಸೈನ್ ಫೆಲೋಶಿಪ್‌ನಲ್ಲಿ ಎಂಜಿನಿಯರುಗಳೂ ವೈದ್ಯರೂ ಒಂದೇ ತಂಡದಲ್ಲಿದ್ದರು. ಮೊದಲು ಅವರಿಗೆ ಸರ್ಕ್ಯೂಟ್ ಕೆಲಸ ಕೊಡುತ್ತಿರಲಿಲ್ಲ; ಆಸ್ಪತ್ರೆಯ ವಾರ್ಡ್, ಆಪರೇಷನ್ ಥಿಯೇಟರುಗಳಲ್ಲಿ ನಿಂತು ಎಲ್ಲಿ ಏನು ತೊಡಕಿದೆ ಅಂತ ಬರೆದುಕೊಳ್ಳೋದೇ ಕೆಲಸ. ಡಿಸೈನ್ ಆಮೇಲೆ.

ನಮ್ಮಲ್ಲಿ ಯಾರಾದರೂ ಇಂಥದಕ್ಕೆ ಅರ್ಜಿ ಹಾಕ್ತಿದ್ದರೆ, ಸಂದರ್ಶನದಲ್ಲಿ ಮೊತ್ತದ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ನಮಗೆ ಮಾರ್ಗದರ್ಶನ ಮಾಡೋರು ಯಾರು? ಇದಕ್ಕೂ ಮುಂಚಿನ ಫೆಲೋಗಳು ಈಗ ಎಲ್ಲಿದ್ದಾರೆ?