ನೊರೆಗೂಡು ಕಟ್ಟುವ ಬೆಕ್ಕುಮೀನುಗಳು

ನೀರಿನ ಮೇಲ್ಮೈಯಲ್ಲಿ ಗಾಳಿಗುಳ್ಳೆಗಳ ಗೂಡು ಕಟ್ಟಿ, ಅದರಲ್ಲಿ ಮೊಟ್ಟೆಯಿರಿಸಿ ಕಾಯುವ ಬೆಕ್ಕುಮೀನುಗಳ ತವರು ದಕ್ಷಿಣ ಅಮೆರಿಕ. ಅಮೆಜಾನ್, ಒರಿನೊಕೊ ನದಿಗಳ ಜೌಗು ಪ್ರದೇಶಗಳಲ್ಲೂ ಗಯಾನಾ, ಸುರಿನಾಮ್, ಟ್ರಿನಿಡಾಡ್‌ಗಳ ಹಳ್ಳಕೊಳ್ಳಗಳಲ್ಲೂ ಇವು ಸಿಗುತ್ತವೆ. ಇವು ಕ್ಯಾಲಿಕ್ತಿಡೇ ಕುಟುಂಬಕ್ಕೆ ಸೇರಿದವು. ಮೈಯ ಎರಡೂ ಬದಿಗೆ ಮೂಳೆಯ ಫಲಕಗಳು ಎರಡೆರಡು ಸಾಲಾಗಿ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿರುವುದು ಈ ಕುಟುಂಬದ ಗುರುತು. ಅಕ್ವೇರಿಯಂ ಪ್ರಿಯರಿಗೆ ಚಿರಪರಿಚಿತವಾದ ಕೋರಿಡೋರಾಸ್ ಕೂಡ ಇದೇ ಕುಟುಂಬದ್ದು. ಆದರೆ ಅದು ಎಲೆಗೋ ಗಾಜಿಗೋ ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಗೂಡು ಕಟ್ಟುವ ಶ್ರಮ ಹಾಪ್ಲೊಸ್ಟರ್ನಮ್, ಮೆಗಲೆಕಿಸ್, ಕ್ಯಾಲಿಕ್ತಿಸ್ ಮೊದಲಾದ ದೊಡ್ಡ ಬಂಧುಗಳದ್ದು.

ಅಂಗಡಿಗಳಲ್ಲಿ ಇವೆಲ್ಲಕ್ಕೂ ‘ಹಾಪ್ಲೊ’ ಎಂಬ ಒಂದೇ ಹೆಸರು. ಮನೆಯ ತೊಟ್ಟಿಗೆ ಹೆಚ್ಚು ಹೊಂದುವುದು ಕಂದು ಮೈಯ ಮೇಲೆ ಕಪ್ಪು ಚುಕ್ಕೆಗಳಿರುವ, ಸುಮಾರು 12ರಿಂದ 15 ಸೆಂಟಿಮೀಟರ್ ಬೆಳೆಯುವ ಮೆಗಲೆಕಿಸ್ ಥೊರಕಾಟಾ. 1997ರವರೆಗೆ ಇದನ್ನೂ ಹಾಪ್ಲೊಸ್ಟರ್ನಮ್ ಕುಲದಲ್ಲೇ ಎಣಿಸಲಾಗುತ್ತಿತ್ತು. ಇನ್ನೂ ದೊಡ್ಡದಾದ ಹಾಪ್ಲೊಸ್ಟರ್ನಮ್ ಲಿಟೊರೇಲ್ ಅದರ ನಾಡಿನಲ್ಲಿ ಊಟದ ಮೀನು. ಟ್ರಿನಿಡಾಡ್‌ನಲ್ಲಿ ಅದಕ್ಕೆ ಕ್ಯಾಸ್ಕಡೂರ ಎಂದು ಹೆಸರು, ಗಯಾನಾದಲ್ಲಿ ಹಸ್ಸಾರ್. ಕಬ್ಬಿನ ತೋಟಗಳ ಕೂಲಿಗೆಂದು ಭಾರತದಿಂದ ಹೋದವರ ಸಂತತಿ ಇವತ್ತಿಗೂ ಅದನ್ನು ಮಸಾಲೆ ಹಾಕಿ ಸಾರು ಮಾಡುತ್ತದೆ. ಕ್ಯಾಸ್ಕಡೂರ ತಿಂದವರು ಎಲ್ಲಿ ಅಲೆದರೂ ಕೊನೆಗಾಲಕ್ಕೆ ಟ್ರಿನಿಡಾಡ್‌ಗೇ ಮರಳುತ್ತಾರೆ ಎಂಬ ನಂಬಿಕೆಯೂ ಅಲ್ಲಿದೆ.

ಮೀನಿಗೆ ನೊರೆಯ ಗೂಡು ಏಕೆ ಬೇಕು ಎಂಬುದಕ್ಕೆ ಉತ್ತರ ಆ ಜೌಗು ನೀರಿನಲ್ಲೇ ಇದೆ. ಮಳೆಗಾಲ ಶುರುವಾಗಿ ಹುಲ್ಲುಗಾವಲುಗಳಿಗೆ ನೀರು ನುಗ್ಗಿದಾಗ ಮುಳುಗಿದ ಹುಲ್ಲು ಕೊಳೆಯತೊಡಗುತ್ತದೆ. ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಹುಪಾಲು ಬಳಸಿಬಿಡುತ್ತವೆ. ದೊಡ್ಡ ಮೀನು ಅದನ್ನು ತಾಳಿಕೊಳ್ಳಬಲ್ಲದು. ಆಗಾಗ ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿ ನುಂಗಿ, ಕರುಳಿನ ಹಿಂಭಾಗದಲ್ಲಿ ಅದರಿಂದ ಆಮ್ಲಜನಕ ಹೀರಿಕೊಂಡು, ಉಳಿದದ್ದನ್ನು ಗುದದ್ವಾರದಿಂದ ಹೊರಬಿಡುತ್ತದೆ. ನಮ್ಮ ಕೆರೆಗಳ ಚೇಳುಮೀನು ಕೂಡ ಗಾಳಿ ಉಸಿರಾಡುತ್ತದೆಯಾದರೂ ಅದು ಬಳಸುವುದು ಕಿವಿರಿನ ಕೋಣೆಯಿಂದ ಹಿಂದಕ್ಕೆ ಚಾಚಿದ ಚೀಲಗಳನ್ನು. ಕರುಳಿನಿಂದ ಉಸಿರಾಡುವ ಈ ವಿಧಾನವೇ ಬೇರೆ. ಮೊಟ್ಟೆಗೆ ಮಾತ್ರ ಮೇಲಕ್ಕೆ ಬಂದು ಗಾಳಿ ನುಂಗುವ ದಾರಿಯಿಲ್ಲ. ತಳದಲ್ಲಿ ಬಿದ್ದರೆ ಅದು ಉಸಿರುಗಟ್ಟಿ ಸಾಯುತ್ತದೆ. ನೊರೆ ಅದನ್ನು ನೀರಿನಿಂದ ಮೇಲೆತ್ತಿ ಗಾಳಿಗೆ ಒಡ್ಡುತ್ತದೆ, ಒಣಗದಂತೆ ತೇವವನ್ನೂ ಉಳಿಸುತ್ತದೆ, ಮೊಟ್ಟೆಗಳ್ಳರ ಕಣ್ಣಿನಿಂದ ಮರೆಮಾಡುತ್ತದೆ. ಇಷ್ಟು ಕೆಲಸವನ್ನು ಬರಿಯ ಗಾಳಿ ಮತ್ತು ಲೋಳೆಯಿಂದ ಸಾಧಿಸುವ ಈ ಗೂಡು ಮೀನುಲೋಕದ ಅತ್ಯಂತ ಚೆಂದದ ಏರ್ಪಾಡುಗಳಲ್ಲಿ ಒಂದು.

ತೊಟ್ಟಿಯಲ್ಲಿ ಮರಿ ಮಾಡಿಸುವುದೆಂದರೆ ಆ ಮಳೆಗಾಲವನ್ನು ಒಳಗೆ ತರುವುದು. ಮೂರಡಿ ಉದ್ದದ ತೊಟ್ಟಿಯಾದರೂ ಬೇಕು. ತಳಕ್ಕೆ ನುಣ್ಣನೆಯ ಮರಳು ಹಾಕಬೇಕು. ಚೂಪು ಕಲ್ಲುಗಳ ನಡುವೆ ಆಹಾರ ತಡಕುವ ಮೀಸೆಗಳು ಸವೆದು ಹುಣ್ಣಾಗುತ್ತವೆ. ನೀರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕಾದ್ದರಿಂದ ಕರ್ನಾಟಕದ ಬಹುತೇಕ ಊರುಗಳಲ್ಲಿ ಚಳಿಗಾಲ ಬಿಟ್ಟರೆ ಹೀಟರ್ ಬೇಕಾಗುವುದಿಲ್ಲ. ತೊಟ್ಟಿಗೆ ಮುಚ್ಚಳ ಇರಲೇಬೇಕು, ಏಕೆಂದರೆ ಈ ಮೀನು ಹಾರುತ್ತದೆ. ಆದರೆ ಮುಚ್ಚಳಕ್ಕೂ ನೀರಿಗೂ ನಡುವೆ ಗಾಳಿಗೆ ಜಾಗ ಬಿಡಬೇಕು. ಮೇಲ್ಮೈ ನಿಶ್ಚಲವಾಗಿರುವುದು ಎಲ್ಲಕ್ಕಿಂತ ಮುಖ್ಯ. ಫಿಲ್ಟರ್‌ನ ನೀರು ಮೇಲಿನಿಂದ ಧುಮುಕುತ್ತಿದ್ದರೆ ಕಟ್ಟಿದ ನೊರೆಯೆಲ್ಲ ಒಡೆದುಹೋಗುತ್ತದೆ. ಮೆಲ್ಲಗೆ ನಡೆಯುವ ಸ್ಪಾಂಜ್ ಫಿಲ್ಟರ್ ಒಳ್ಳೆಯದು.

ಗೂಡಿಗೆ ಮೇಲಿನಿಂದ ಒಂದು ಆಸರೆ ಬೇಕು. ಕಾಡಿನಲ್ಲಿ ಅದು ಅಗಲವಾದ ತೇಲೆಲೆ ಅಥವಾ ಹುಲ್ಲಿನ ರಾಶಿ. ತೊಟ್ಟಿಯಲ್ಲಿ ಅಂತರಗಂಗೆಯಂಥ ತೇಲುಗಿಡಗಳನ್ನು ಬಿಡಬಹುದು, ಇಲ್ಲವೇ ಐಸ್‌ಕ್ರೀಂ ಡಬ್ಬಿಯ ಮುಚ್ಚಳವನ್ನೋ ಥರ್ಮೊಕೋಲ್ ತಟ್ಟೆಯನ್ನೋ ಬೋರಲು ಹಾಕಿ ಒಂದು ಮೂಲೆಯಲ್ಲಿ ತೇಲಿಸಬಹುದು. ಮುಂದೆ ಮೊಟ್ಟೆಗಳನ್ನು ಎತ್ತಿಡುವಾಗ ಸುಲಭವಾಗುವುದರಿಂದ ಅನುಭವಿಗಳು ಮುಚ್ಚಳವನ್ನೇ ಮೆಚ್ಚುತ್ತಾರೆ.

ಗಂಡು ಹೆಣ್ಣುಗಳನ್ನು ಗುರುತಿಸಲು ಎದೆಯ ಈಜುರೆಕ್ಕೆಯ ಮೊದಲ ಮುಳ್ಳನ್ನು ನೋಡಬೇಕು. ಪ್ರಾಯದ ಗಂಡಿನಲ್ಲಿ ಅದು ದಪ್ಪಗೆ, ಉದ್ದವಾಗಿ ಬೆಳೆದು ಕೆಂಪು ಅಥವಾ ಕಿತ್ತಳೆ ಬಣ್ಣ ತಳೆಯುತ್ತದೆ; ಹೊಟ್ಟೆಯಡಿ ನೇರಳೆ ಛಾಯೆ ಮೂಡುತ್ತದೆ. ಹೆಣ್ಣಿನ ಮುಳ್ಳು ತೆಳು, ಮೈ ದುಂಡು. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರುವುದು ಸೂಕ್ತ. ಎರಡು ಗಂಡುಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಗೂಡಿನ ಜಾಗಕ್ಕಾಗಿ ನಡೆಯುವ ಜಗಳ ಸಾವಿನಲ್ಲಿ ಮುಗಿಯಬಹುದು.

ಕೆಲವು ವಾರ ಎರೆಹುಳು, ಬ್ಲಡ್‌ವರ್ಮ್‌ನಂಥ ಜೀವಂತ ಆಹಾರ ಕೊಟ್ಟು ಮೀನುಗಳನ್ನು ಪುಷ್ಟಿಯಾಗಿಸಿ, ಬಳಿಕ ನೀರಿನ ಮಟ್ಟವನ್ನು ಇಳಿಸಿ ಬೇಸಿಗೆಯ ಭಾಸ ತರುತ್ತಾರೆ. ಆಮೇಲೆ ತುಸು ತಣ್ಣಗಿನ, ಲವಣಾಂಶ ಕಡಿಮೆಯಿರುವ ನೀರನ್ನು ಸ್ವಲ್ಪಸ್ವಲ್ಪವಾಗಿ ತುಂಬುತ್ತಾರೆ. ನಲ್ಲಿಯ ನೀರಾದರೆ ಕ್ಲೋರಿನ್ ತೆಗೆದೇ ಬಳಸಬೇಕು. ಹೊರಗೆ ಮೋಡ ಕವಿದು ವಾಯುಭಾರ ಕುಸಿದ ದಿನಗಳಲ್ಲಿ ಈ ಉಪಾಯ ಹೆಚ್ಚು ಫಲಿಸುತ್ತದೆ ಎಂಬುದು ಸಾಕಣೆದಾರರ ಸಾಮಾನ್ಯ ಅನುಭವ. ಹಾಗಾಗಿ ನಮ್ಮಲ್ಲಿ ಮುಂಗಾರಿನ ಆರಂಭ ಇದಕ್ಕೆ ಹದವಾದ ಕಾಲ.

ಗೂಡು ಕಟ್ಟುವುದು ಗಂಡು. ಮೇಲ್ಮೈಯ ಕೆಳಗೆ ಅಂಗಾತ ಈಜುತ್ತ, ಬಾಯಿಂದ ಗಾಳಿ ಎಳೆದು ಕಿವಿರುಗಳ ಮೂಲಕ ಹಾಯಿಸಿ, ಲೋಳೆ ಬೆರೆತ ಗುಳ್ಳೆಗಳನ್ನು ಮುಚ್ಚಳದಡಿ ಒಟ್ಟುತ್ತದೆ. ಗಿಡದ ಚೂರುಗಳನ್ನೂ ತಂದು ಸೇರಿಸುತ್ತದೆ. ಎದೆಯ ಮುಳ್ಳನ್ನು ಅದರ ಕೀಲಿನಲ್ಲಿ ತಿಕ್ಕಿ ಹೊರಡಿಸುವ ಗೊರಗೊರ ಸದ್ದು ಗಾಜಿನಾಚೆಗೂ ಕೇಳಿಸುವುದುಂಟು. ಗೂಡು ಸಿದ್ಧವಾದಾಗ ಹೆಣ್ಣು ಬಂದು, ಹೊಟ್ಟೆಯಡಿಯ ಈಜುರೆಕ್ಕೆಗಳನ್ನು ಬೊಗಸೆಯಾಗಿಸಿ ಅದರಲ್ಲಿ ಮೊಟ್ಟೆಗಳನ್ನು ಹಿಡಿದು, ಮಗುಚಿ ಈಜಿ ನೊರೆಯೊಳಗೆ ಅಂಟಿಸುತ್ತದೆ. ಇದು ಹಲವು ಬಾರಿ ನಡೆದು, ಕೊನೆಗೆ ನೂರಾರು ಮೊಟ್ಟೆಗಳ ಹಳದಿ ಪದರವೊಂದು ಉಳಿಯುತ್ತದೆ.

ಅಲ್ಲಿಂದ ಮುಂದೆ ಗೂಡಿನ ಹತ್ತಿರ ಯಾರೂ ಸುಳಿಯುವಂತಿಲ್ಲ. ಮೊಟ್ಟೆಯಿಟ್ಟ ಹೆಣ್ಣನ್ನೂ ಗಂಡು ಅಟ್ಟಾಡಿಸಿ ಗಾಯಗೊಳಿಸುತ್ತದೆ, ತೊಟ್ಟಿಗೆ ಇಳಿದ ಕೈಗೂ ಎರಗುತ್ತದೆ. ಹೆಣ್ಣುಗಳನ್ನು ಕೂಡಲೇ ಬೇರೆಡೆಗೆ ಸಾಗಿಸಬೇಕು. ಒಡೆದ ಗುಳ್ಳೆಗಳ ಜಾಗಕ್ಕೆ ಹೊಸದನ್ನು ತುಂಬುತ್ತ ಗಂಡು ಗೂಡನ್ನು ಕಾಯುತ್ತದೆ. ಆಗ ಅದಕ್ಕೆ ಊಟದ ಕಡೆ ಗಮನವೇ ಇರುವುದಿಲ್ಲ. ಬೆಚ್ಚನೆಯ ನೀರಿನಲ್ಲಿ ನಾಲ್ಕೈದು ದಿನಕ್ಕೆ ಮೊಟ್ಟೆಯೊಡೆದು ಮರಿಗಳು ಕೆಳಗಿನ ನೀರಿಗೆ ಜಾರುತ್ತವೆ. ಆ ಹೊತ್ತಿಗೆ ಗಂಡನ್ನೂ ತೆಗೆಯುವುದು ಕ್ಷೇಮ, ಏಕೆಂದರೆ ಕಾವಲು ಮುಗಿದ ಮೇಲೆ ಅದು ಮರಿಗಳನ್ನೇ ತಿನ್ನಬಹುದು. ಕೆಲವರು ಮೊಟ್ಟೆಯಿಟ್ಟ ಮರುದಿನವೇ ಮುಚ್ಚಳವನ್ನು ಮೊಟ್ಟೆಗಳ ಸಮೇತ ಎತ್ತಿ, ಅದೇ ನೀರು ತುಂಬಿದ ಚಿಕ್ಕ ತೊಟ್ಟಿಯಲ್ಲಿ ತೇಲಿಬಿಟ್ಟು, ಸಣ್ಣಗೆ ಗಾಳಿ ಹಾಯಿಸಿ, ಬೂಸ್ಟು ಹಿಡಿಯದಂತೆ ತುಸು ಮೆಥಿಲೀನ್ ಬ್ಲೂ ಬೆರೆಸುತ್ತಾರೆ. ಮರಿಗಳು ಹೆಚ್ಚು ಉಳಿಯಲು ಇದು ನೆರವಾಗುತ್ತದೆ ನಿಜ. ಆದರೆ ಒಂದು ಸಲವಾದರೂ ಗೂಡನ್ನು ತಂದೆಗೇ ಬಿಟ್ಟು ನೋಡದವರು ಈ ಮೀನಿನ ಅಪರೂಪದ ನಡವಳಿಕೆಯನ್ನು ಕಳೆದುಕೊಳ್ಳುತ್ತಾರೆ.

ಮರಿಗಳು ಮೊದಲ ಒಂದೆರಡು ದಿನ ಹೊಟ್ಟೆಯ ಹಳದಿಚೀಲದಿಂದಲೇ ಬದುಕುತ್ತವೆ. ಬಳಿಕ ಆಗಷ್ಟೇ ಒಡೆದ ಆರ್ಟೀಮಿಯಾ ಮರಿಗಳನ್ನೂ ಮೈಕ್ರೊವರ್ಮ್ ಹುಳುಗಳನ್ನೂ ದಿನಕ್ಕೆ ಹಲವು ಬಾರಿ ಕೊಡಬೇಕು. ಗಾಳಿ ನುಂಗುವ ಶಕ್ತಿ ಹುಟ್ಟಿದ ಕೂಡಲೇ ಬರುವುದಿಲ್ಲವಾದ್ದರಿಂದ ಈ ಹಂತದಲ್ಲಿ ನೀರಿನಲ್ಲಿ ಆಮ್ಲಜನಕ ಸಮೃದ್ಧವಾಗಿರಬೇಕು. ತಳದಲ್ಲಿ ಕೊಳೆಯುವ ಆಹಾರವೇ ಹೆಚ್ಚಿನ ಮರಿಗಳ ಸಾವಿಗೆ ಕಾರಣ. ದಿನವೂ ತೆಳು ಪೈಪಿನಿಂದ ಕಸ ಹೀರಿ, ಅಷ್ಟೇ ಬಿಸಿಯ ಹೊಸ ನೀರು ಹಾಕಬೇಕು.

ಒಮ್ಮೆ ಸಿಗುವ ನೂರಾರು ಮರಿಗಳಿಗೆ ಮನೆಯ ತೊಟ್ಟಿ ಸಾಲುವುದಿಲ್ಲ. ಹೆಚ್ಚಾದವನ್ನು ಬೇರೆ ಸಾಕಣೆದಾರರಿಗೋ ಅಂಗಡಿಗೋ ಕೊಡಬಹುದು. ಕೆರೆ ಹೊಳೆಗಳಿಗೆ ಮಾತ್ರ ಬಿಡಕೂಡದು. ಹೊರಗಿನಿಂದ ಬಂದ ಹಾಪ್ಲೊಸ್ಟರ್ನಮ್ ಲಿಟೊರೇಲ್ 1995ರಲ್ಲಿ ಮೊದಲ ಬಾರಿಗೆ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡು, ಈಗ ಅಲ್ಲಿನ ಕಾಲುವೆ, ಜೌಗುಗಳಲ್ಲಿ ನೆಲೆಯೂರಿದೆ. ಆಮ್ಲಜನಕವಿಲ್ಲದ ನೀರಲ್ಲೂ ಬದುಕಿ ಮರಿ ಮಾಡಬಲ್ಲ ಮೀನಿಗೆ ನಮ್ಮ ಕೊಳಕು ಕೆರೆಗಳಲ್ಲಿ ನೆಲೆಯೂರುವುದೂ ಕಷ್ಟವಾಗಲಾರದು.