ಅಜ್ಜಿಯ ಬೆರಕೆ ಸೊಪ್ಪು ಎಲ್ಲಿ ಹೋಯಿತು?

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಾ ಚಿಕ್ಕಬಳ್ಳಾಪುರದ ನಮ್ಮೂರಲ್ಲೇ ಇದ್ದೇನೆ. ಮೊನ್ನೆ ಈರುಳ್ಳಿ ಕಳೆ ಕೀಳಲು ಹೊರಟಾಗ ಅಜ್ಜಿ, ‘ಸಾರಿಗೆ ಒಂದಿಷ್ಟು ಬೆರಕೆ ಸೊಪ್ಪು ಕಿತ್ಕೊಂಬಾರೋ’ ಎಂದಳು. ಹುಡುಕಿದೆ. ಗೋಣಿಸೊಪ್ಪಿಲ್ಲ, ಕೀರೆಯಿಲ್ಲ, ಕಂಡಲ್ಲೆಲ್ಲ ಜೇಕು.

ಆಳು ಸಿಗದೆ ಅಪ್ಪ 7 ವರ್ಷದಿಂದ ಪೆಂಡಿಮೆಥಾಲಿನ್ ಹೊಡೆಯುತ್ತಿದ್ದಾರೆ. ಅದು ಕೊಲ್ಲುವುದು ಮೊಳೆಯುವ ಬೀಜವನ್ನು. ಜೇಕು ಚಿಗುರುವುದು ನೆಲದೊಳಗಿನ ಗಡ್ಡೆಯಿಂದ, ಅದಕ್ಕೇನೂ ಆಗದು. ಜೊತೆಗಿದ್ದವೆಲ್ಲ ಸತ್ತ ಮೇಲೆ ಇಡೀ ಹೊಲ ಅದರದೇ. ಔಷಧಿ ಅಂಗಡಿಯವರು ಮಾತ್ರ ಡೋಸ್ ಹೆಚ್ಚಿಸಿ ಅನ್ನುತ್ತಾರೆ!

ಒಂದು ಬೆಳೆ ರಾಗಿ ಹಾಕಿ, ಬೇಸಿಗೆಯಲ್ಲಿ ಉತ್ತು ಗಡ್ಡೆ ಒಣಗಿಸೋಣ ಎಂದೆ. ‘ಸಾಲದ ಕಂತು ರಾಗಿ ಕಟ್ಟುತ್ತೇನೋ?’ ಎಂದರು ಅಪ್ಪ. ಕೆಲಸವಿಲ್ಲದ ಮಗ ಏನು ಹೇಳಲಿ? ಸಂಜೆವರೆಗೂ ಗುದ್ದಲಿ ಹಿಡಿದು ಗಡ್ಡೆ ಅಗೆದೆ. ಒಂದು ಪಾತಿಯೂ ಮುಗಿಯಲಿಲ್ಲ. ರಾತ್ರಿ ಊಟಕ್ಕೆ ಬರೀ ಬೇಳೆಸಾರು.